ಅಮ್ಮ ಹೆರೆಮಣೆ ಬಿಟ್ಟಿದ್ದಾರೆ. ಇದು ವಯಸ್ಸೋ, ಕಾಯಿಲೆಯೋ?

ಅಂಬಲಪಾಡಿ ಮಗಳು

ಎಲ್ಲರಿಗೂ ನಮಸ್ಕಾರ. ಚೌತಿಗೆ ಊರಿಗೆ ಬಂದವಳು ಇನ್ನೂ ಇಲ್ಲೇ ಇದ್ದೇನೆ. ಅಮ್ಮನಿಗೆ 71. ಉಡುಪಿಯ ಅಂಬಲಪಾಡಿಯ ಮನೆಯಲ್ಲಿ ಒಬ್ಬರೇ ಇರುವುದು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತೇನೆ.

ಕಡುಬಿಗೆ ಕಾಯಿ ಹೆರೆಯಬೇಕಿತ್ತು. ಹೆರೆಮಣೆ ಅದರ ಜಾಗದಲ್ಲಿ ಇರಲಿಲ್ಲ. ಹುಡುಕಿದರೆ ಹಳೆ ಪೇಪರಿನ ಕಟ್ಟಿನ ಹಿಂದೆ ಸಿಕ್ಕಿತು. ಹಲ್ಲಿಗೆ ತುಕ್ಕು ಹಿಡಿದಿತ್ತು. "ಈಗ ಕಾಯಿ ಚೂರು ಮಾಡಿ ಮಿಕ್ಸಿಗೆ ಹಾಕ್ತೇನೆ, ಅದೇ ಸುಲಭ" ಅಂದರು. ನಾನು ತೊಳೆದು ಕೊಟ್ಟೆ, ಅಮ್ಮ ಕೂತು ಹೆರೆದರು. ಏಳುವಾಗ ನೋಡಿದೆ. ಮೊದಲು ಒಂದು ಬದಿಗೆ ವಾಲಿದರು. ಎರಡೂ ಕೈ ನೆಲಕ್ಕೆ ಊರಿದರು. ಮೊಣಕಾಲಿನ ಮೇಲೆ ಬಂದರು. ಆಮೇಲೆ ಅಡುಗೆ ಕಟ್ಟೆಯ ಅಂಚು ಹಿಡಿದು ತಮ್ಮನ್ನು ತಾವೇ ಎಳೆದುಕೊಂಡರು. ಅಷ್ಟರಲ್ಲಿ ಮುಖ ಕೆಂಪಾಗಿತ್ತು. ಮಿಕ್ಸಿ ಸುಲಭ ಅಂತ ಅಲ್ಲ, ನೆಲದಿಂದ ಏಳಲಿಕ್ಕೆ ಆಗುವುದಿಲ್ಲ ಅಂತ ಹೆರೆಮಣೆ ಒಳಗೆ ಹೋಗಿದೆ. ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಮೊದಲು ಕೈಗೆ ಸಿಗುತ್ತಿದ್ದ ಡಬ್ಬಕ್ಕೆ ಈಗ ಸ್ಟೂಲ್ ಹತ್ತುತ್ತಾರೆ. ಸೀರೆ ಮೊದಲಿಗಿಂತ ಮೇಲೆ ಎತ್ತಿ ಉಡುತ್ತಾರೆ. ಸಾರಿಗೆ ಉಪ್ಪು ಜಾಸ್ತಿ. ಟಿವಿ ಶಬ್ದ ಗೇಟಿನವರೆಗೆ ಕೇಳುತ್ತದೆ. ಬೆಳಿಗ್ಗೆ ಮೂರೂವರೆಗೆ ಎಚ್ಚರ. ಏನು ಕೇಳಿದರೂ "ವಯಸ್ಸಾಯ್ತಲ್ಲ ಮಗಾ" ಅನ್ನುತ್ತಾರೆ. ಬೆನ್ನು ನೋವು ಅಂತ ಕಳೆದ ವರ್ಷ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯೂ ಅದೇ ಮಾತು, ಒಂದು ಮುಲಾಮು.

ಇದರಲ್ಲಿ ಯಾವುದು ನಿಜವಾಗಿ ವಯಸ್ಸಿನದ್ದು, ಯಾವುದು ಹಾಗೆ ಬಿಡಬಾರದ್ದು? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಸುರತ್ಕಲ್ 1974

ನಮ್ಮ ಮನೆಯಲ್ಲೂ ಇದೇ ಅಕ್ಕ. ಅಪ್ಪ ಈಗ ಊಟಕ್ಕೆ ನೆಲದಲ್ಲಿ ಕೂರುವುದಿಲ್ಲ. ದೇವಸ್ಥಾನದ ಊಟಕ್ಕೇ ಹೋಗುವುದು ಬಿಟ್ಟಿದ್ದಾರೆ. ಕೇಳಿದರೆ "ರಶ್ಶು" ಅನ್ನುತ್ತಾರೆ.

ಫಿಸಿಯೋ ಬಿಜೈ

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಅಮ್ಮ ಎದ್ದದ್ದನ್ನು ಇಷ್ಟು ಸರಿಯಾಗಿ ನೋಡಿದ್ದೀರಿ, ಬಹಳ ಒಳ್ಳೆಯದಾಯಿತು. ಹೆಚ್ಚಿನವರು ಬಿದ್ದ ಮೇಲೆ ಬರುತ್ತಾರೆ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಮಾಂಸಖಂಡ ಕಡಿಮೆಯಾಗುತ್ತಾ ಹೋಗುತ್ತದೆ. ಅರವತ್ತರ ನಂತರ ಇನ್ನೂ ಜೋರು. ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ತೊಡೆಯಲ್ಲಿ. ನೆಲದಿಂದ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಕಮೋಡಿನಿಂದ ಏಳುವುದು ಎಲ್ಲ ತೊಡೆಯದ್ದೇ ಕೆಲಸ. ಇನ್ನೊಂದು ಸಂಗತಿ ಉಂಟು. ಮಾಂಸಖಂಡದಲ್ಲಿ ನಿಧಾನವಾಗಿ ತುಂಬಾ ಹೊತ್ತು ಕೆಲಸ ಮಾಡುವ ಎಳೆಗಳಿರುತ್ತವೆ, ಥಟ್ಟನೆ ಕೆಲಸ ಮಾಡುವ ಎಳೆಗಳೂ ಇರುತ್ತವೆ. ವಯಸ್ಸಾದಾಗ ಜಾಸ್ತಿ ಸವೆಯುವುದು ಥಟ್ಟನೆಯ ಎಳೆಗಳು. ಅದಕ್ಕೇ ದೇವಸ್ಥಾನಕ್ಕೆ ಎರಡು ಕಿಲೋಮೀಟರ್ ನಡೆಯುವ ಅಜ್ಜಿ ಹೊಸಿಲು ಎಡವಿದಾಗ ಸಾವರಿಸಿಕೊಳ್ಳಲು ಆಗದೆ ಬೀಳುತ್ತಾರೆ. ನಡೆಯುವ ಶಕ್ತಿ ಬೇರೆ, ಬೀಳುವಾಗ ಹಿಡಿದುಕೊಳ್ಳುವ ಶಕ್ತಿ ಬೇರೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿ, ಸುಮಾರು 17 ಇಂಚು ಎತ್ತರದ್ದು. ಗೋಡೆಗೆ ಒತ್ತಿ ಇಡಿ. ಅಮ್ಮ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 70ರಿಂದ 74ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಭಯ ಜಾಸ್ತಿ ಅಂತ ಲೆಕ್ಕ. ಗಂಡಸರಿಗೆ ಅದೇ ವಯಸ್ಸಿನಲ್ಲಿ 12.

ಇದು ವಾಪಸ್ ಬರುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಒಂದು ವೃದ್ಧಾಶ್ರಮದ ಹತ್ತು ಜನಕ್ಕೆ ತೊಡೆಗೆ ತೂಕ ಎತ್ತುವ ವ್ಯಾಯಾಮ ಮಾಡಿಸಿದರು. ಸರಾಸರಿ ವಯಸ್ಸು 90. ಎಂಟು ವಾರ ಮುಗಿಸಿದ ಒಂಬತ್ತು ಜನರ ತೊಡೆಯ ಶಕ್ತಿ ಸರಾಸರಿ ಶೇ. 174 ಏರಿತು. ತೊಂಬತ್ತರಲ್ಲಿ ಆದದ್ದು ಎಪ್ಪತ್ತೊಂದರಲ್ಲಿ ಖಂಡಿತ ಆಗುತ್ತದೆ.

ಕಾರ್ಕಳದವ

ನನಗೆ ಇದು ಒಪ್ಪಿಗೆಯಿಲ್ಲ. ನಮ್ಮ ಅಜ್ಜಿ 88ರವರೆಗೆ ಇದ್ದರು. ಒಂದು ದಿನ ವ್ಯಾಯಾಮ ಮಾಡಿದವರಲ್ಲ. ಕೊನೆಯವರೆಗೂ ನೆಲದಲ್ಲೇ ಕೂತು ನೆಲದಿಂದಲೇ ಎದ್ದರು. ಇದೆಲ್ಲ ಈಗಿನ ಊಟದಿಂದ ಬಂದದ್ದು. ಆಗಿನವರ ಮೂಳೆಯೇ ಬೇರೆ.

ಫಿಸಿಯೋ ಬಿಜೈ

ಅಣ್ಣಾ, ನಿಮ್ಮ ಅಜ್ಜಿಯ ಒಂದು ದಿನ ನೆನಪು ಮಾಡಿಕೊಳ್ಳಿ. ಬಾವಿಯಿಂದ ಎಷ್ಟು ಕೊಡ ನೀರು ಸೇದುತ್ತಿದ್ದರು? ಕಡೆಯುವ ಕಲ್ಲಿನ ಮುಂದೆ ಎಷ್ಟು ಹೊತ್ತು? ಅಂಗಳ ಗುಡಿಸಿ, ಸೆಗಣಿ ಸಾರಿಸಿ, ಹಟ್ಟಿಗೆ ಹೋಗಿ ಬಂದು, ಎಷ್ಟು ಸಲ ಕೂತು ಎದ್ದರು? ನಾನು ರೋಗಿಗಳಿಗೆ ದಿನಕ್ಕೆ ಮೂವತ್ತು ಸಲ ಕೂತು ಏಳಿ ಅಂತ ಹೇಳಿದರೆ ಜಾಸ್ತಿ ಅನ್ನುತ್ತಾರೆ. ನಿಮ್ಮ ಅಜ್ಜಿಗೆ ಅದು ಬೆಳಗ್ಗಿನ ತಿಂಡಿಯ ಮೊದಲೇ ಮುಗಿಯುತ್ತಿತ್ತು.

ಕಾವೂರು ಮನೆ

ಎಲ್ಲ ಅಜ್ಜಿಯರಿಗೂ ಹಾಗಲ್ಲ. ನನ್ನ ಅಮ್ಮ 35 ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ (ಮೊರ), ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಕೂರು, ತಲೆ ಕೆಳಗೆ. ಈಗ 69. ಕುತ್ತಿಗೆ ಪೂರ್ತಿ ಎತ್ತಲಿಕ್ಕೆ ಆಗುವುದಿಲ್ಲ. ಹೆಬ್ಬೆರಳಿನ ಬುಡ ದಪ್ಪವಾಗಿದೆ. ನೆಲದಲ್ಲಿ ಕೂತದ್ದಕ್ಕೆಲ್ಲ ಗಟ್ಟಿ ಆಗುತ್ತಾರೆ ಅಂತ ಇಲ್ಲ. ಏನು ಕೆಲಸ ಮಾಡಿಕೊಂಡು ಕೂತರು ಅನ್ನುವುದು ಮುಖ್ಯ ಅಲ್ವಾ?

ಕಾರ್ಕಳದವ

ಅದು ಸರಿ ಅಕ್ಕ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ವಿಜ್ಞಾನ ಮೇಷ್ಟ್ರು ಕುಂದಾಪುರ

ಸೀರೆ ಎತ್ತಿ ಉಡುವುದು, ಡಬ್ಬ ಕೈಗೆ ಸಿಗದಿರುವುದು. ಅಂಬಲಪಾಡಿ ಮಗಳೇ, ಈ ಎರಡನ್ನು ಓದಿ ಬರೆಯಬೇಕು ಅನಿಸಿತು. ಅಮ್ಮನ ಎತ್ತರ ಕಡಿಮೆಯಾಗಿದೆ.

ನಲವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಎಲ್ಲರೂ ಗಿಡ್ಡವಾಗುತ್ತೇವೆ. ಬೆನ್ನಿನ ಮಣಿಗಳ ನಡುವೆ ಮೆತ್ತೆ ಇದೆ, ಅದರಲ್ಲಿ ನೀರಿನ ಅಂಶ ಇಳಿಯುತ್ತದೆ, ಮೆತ್ತೆ ತೆಳುವಾಗುತ್ತದೆ. ಇದು ವಯಸ್ಸು. ಆದರೆ ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿಗೂ ಜಾಸ್ತಿ ಇಳಿದಿದ್ದರೆ ಸುಮ್ನೆ ಬಿಡಬಾರದು. ಬೆನ್ನಿನ ಮಣಿಯೇ ಒಳಗೆ ಕುಸಿದಿರಬಹುದು. ಅದು ಬಿದ್ದೇ ಆಗಬೇಕೆಂದಿಲ್ಲ. ತುಂಬಿದ ಬಕೆಟ್ ಎತ್ತುವಾಗಲೂ ಆಗುತ್ತದೆ. "ಬೆನ್ನು ಹಿಡಿದುಕೊಂಡಿದೆ" ಅಂತ ಎಣ್ಣೆ ಹಚ್ಚಿ ಮಲಗುತ್ತಾರೆ, ಒಂದು ತಿಂಗಳಲ್ಲಿ ನೋವು ಹೋಗುತ್ತದೆ, ವಿಷಯ ಮುಗಿಯಿತು ಅಂದುಕೊಳ್ಳುತ್ತಾರೆ.

ಮೂಳೆ ಅಂದರೆ ಕಲ್ಲಲ್ಲ. ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ದಿನವೂ ಕೆಲಸ ಮಾಡುತ್ತಿರುತ್ತವೆ. ಸುಮಾರು ಮೂವತ್ತು ವರ್ಷದವರೆಗೆ ಕಟ್ಟುವವರ ಕೈ ಮೇಲು. ಆಮೇಲೆ ನಿಧಾನಕ್ಕೆ ಕೆರೆಯುವವರ ಕೈ ಮೇಲಾಗುತ್ತದೆ. ಹೆಂಗಸರಲ್ಲಿ ಈಸ್ಟ್ರೋಜನ್ ಕೆರೆಯುವವರನ್ನು ಹಿಡಿದಿಟ್ಟಿರುತ್ತದೆ. ಮುಟ್ಟು ನಿಂತಾಗ ಆ ಹಿಡಿತ ತಪ್ಪುತ್ತದೆ. ನಂತರದ ಐದರಿಂದ ಏಳು ವರ್ಷದಲ್ಲಿ ಮೂಳೆ ಸಾಂದ್ರತೆ ಶೇ. 20ರವರೆಗೂ ಇಳಿಯಬಹುದು. ಹೊರಗೆ ಏನೂ ಕಾಣುವುದಿಲ್ಲ. ನೋವೂ ಇಲ್ಲ.

ಅಮ್ಮನ ಹಳೆಯ ಎತ್ತರ ಎಲ್ಲಾದರೂ ಬರೆದಿಟ್ಟಿದೆಯಾ ನೋಡಿ. ಮತ್ತೆ ಆ ಸ್ಟೂಲ್ ಇವತ್ತೇ ಮನೆಯಿಂದ ಹೊರಗೆ ಹಾಕಿ.

ಅಂಬಲಪಾಡಿ ಮಗಳು

ಸ್ಟೂಲ್ ಪಕ್ಕದ ಮನೆಗೆ ಹೋಯಿತು ಸರ್. ಡಬ್ಬಗಳನ್ನೆಲ್ಲ ಕೆಳಗಿನ ಸಾಲಿಗೆ ಇಳಿಸಿದೆ. ಹಳೆಯ ಎತ್ತರ ಹುಡುಕುತ್ತೇನೆ.

ಕನ್ನಡಕದಂಗಡಿ ಹಂಪನಕಟ್ಟೆ

19 ವರ್ಷದಿಂದ ಇದೇ ಕೆಲಸ. ನಲವತ್ತೆರಡು, ನಲವತ್ಮೂರು ವಯಸ್ಸಿನವರು ಒಳಗೆ ಬರುವಾಗಲೇ ಗೊತ್ತಾಗುತ್ತದೆ, ಫೋನನ್ನು ಕೈ ಚಾಚಿ ದೂರ ಹಿಡಿದಿರುತ್ತಾರೆ. ಕಣ್ಣಿನ ಮಸೂರ ಗಟ್ಟಿಯಾಗಿ ಹತ್ತಿರದ್ದಕ್ಕೆ ಬಾಗಲು ಆಗದಿರುವುದೇ ಕಾರಣ. ಅದಕ್ಕೆ ಕನ್ನಡಕ ಹಾಕಿದರೆ ಆಯಿತು.

ನಾನು ಹೇಳಬೇಕೆಂದದ್ದು ಬೇರೆ. ಅರವತ್ತು ದಾಟಿದವರ ಕಣ್ಣಿನ ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಇಪ್ಪತ್ತರವರ ಕಣ್ಣಿನೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಇವರ ಕಣ್ಣಿನ ಒಳಪರದೆಗೆ ಮುಟ್ಟುತ್ತದೆ. ನಿಮಗೆ ಸಾಕಾಗುವ ಬಲ್ಬು ಅಮ್ಮನಿಗೆ ಸಾಕಾಗುವುದಿಲ್ಲ. ನಮ್ಮ ಕಡೆ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ, ಮೆಟ್ಟಿಲೂ ಅದೇ ಕೆಂಪು. ಮೇಲಿನ ಮೆಟ್ಟಿಲು ಎಲ್ಲಿ ಮುಗಿಯಿತು, ಕೆಳಗಿನದ್ದು ಎಲ್ಲಿ ಶುರುವಾಯಿತು ಅಂತ ಅವರ ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಇಂಚು ಅಗಲದ ಬಿಳಿ ಪೇಂಟ್ ಎಳೆಯಿರಿ. ನಮ್ಮ ಅತ್ತೆಯ ಮನೆಯಲ್ಲಿ ನಾನೇ ಎಳೆದು ಕೊಟ್ಟೆ. ಮರುದಿನ ಅತ್ತೆ ಗೋಡೆ ಹಿಡಿಯದೆ ಇಳಿದರು.

ಪೊರೆಯ ಆಪರೇಶನ್ ಮಾಡಿಸಿಕೊಂಡು ಬಂದ ಒಬ್ಬ ಅಜ್ಜಿ ನಮ್ಮ ಅಂಗಡಿಯ ಕನ್ನಡಿ ಮುಂದೆ ತಮ್ಮ ಸೀರೆ ಸೆರಗನ್ನೇ ನೋಡುತ್ತಾ ನಿಂತಿದ್ದರು. ಕಪ್ಪು ಅಂತ ಎರಡು ವರ್ಷದಿಂದ ಉಡುತ್ತಿದ್ದರಂತೆ. ಅದು ಕಡು ನೀಲಿ.

ಮಣ್ಣಗುಡ್ಡೆ ಮಗ

ಟಿವಿ ಶಬ್ದದ ಬಗ್ಗೆ ನಾನು ಬರೆಯಲೇಬೇಕು.

ನನ್ನ ಅಪ್ಪನಿಗೆ ಕಿವಿ ಮಂದವಾದದ್ದು 66ಕ್ಕೆ. ನಾನು ಐದು ವರ್ಷ ಅವರ ಮೇಲೆ ಕಿರುಚಿದೆ. "ಕೇಳ್ತದೆ, ಕಿರುಚಬೇಡ, ಆದರೆ ನೀನು ಹೇಳಿದ್ದು ಎಂತ ಅಂತ ಗೊತ್ತಾಗಲಿಲ್ಲ" ಅನ್ನುತ್ತಿದ್ದರು. ಬೇಕಂತಲೇ ಹಾಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ಕಿವಿ ಪರೀಕ್ಷೆ ಮಾಡಿದವರು ತಿಳಿಸಿದರು. ವಯಸ್ಸಿನಲ್ಲಿ ಮೊದಲು ಹೋಗುವುದು ತೀಕ್ಷ್ಣವಾದ ಶಬ್ದ. ಆ, ಓ, ಊ ಮುಂತಾದ ಸ್ವರಗಳು ದಪ್ಪ ಶಬ್ದ, ಅವು ಕೇಳುತ್ತವೆ. ಸ, ಶ, ಚ, ತ, ಕ ಇವೆಲ್ಲ ತೆಳು, ತೀಕ್ಷ್ಣ. ಅವು ಕಳಚಿಹೋಗುತ್ತವೆ. "ಸಾರು ಬೇಕಾ" ಅಂದರೆ ಅಪ್ಪನಿಗೆ "ಆರು ಬೇಆ" ಅಂತ ಬೀಳುತ್ತಿತ್ತು. ಉಳಿದದ್ದನ್ನು ಅವರು ಊಹಿಸಿ ತುಂಬಿಸಬೇಕಿತ್ತು. ದಿನವಿಡೀ ಹಾಗೆ ಊಹಿಸಿ ಊಹಿಸಿ ಸುಸ್ತಾಗಿ ಸಂಜೆಗೆ ಮಾತೇ ಬಿಟ್ಟುಬಿಡುತ್ತಿದ್ದರು. ಕಿರುಚಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ಸ್ವಲ್ಪ ನಿಧಾನಕ್ಕೆ ಹೇಳಬೇಕು. ಇಷ್ಟು ಸಣ್ಣ ವಿಷಯ ನನಗೆ ಐದು ವರ್ಷ ಗೊತ್ತಿರಲಿಲ್ಲ.

ಕಿವಿಯ ಒಳಗೆ ಶಬ್ದ ಹಿಡಿಯುವ ಕೂದಲಿನಂಥ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುತ್ತವಂತೆ. ಹೋದದ್ದು ಮತ್ತೆ ಹುಟ್ಟುವುದಿಲ್ಲ. ಆದರೆ ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿಸಿ. ನಮ್ಮ ಚಿಕ್ಕಪ್ಪನಿಗೆ ಅಷ್ಟೇ ಆಗಿತ್ತು, ತೆಗೆದ ಮೇಲೆ ಸರಿಯಾಯಿತು. ಗುಗ್ಗೆ ಅಲ್ಲದಿದ್ದರೆ ಶ್ರವಣ ಯಂತ್ರ ಬೇಗ ಹಾಕಿಸಿ. ನಡುವಯಸ್ಸಿನಲ್ಲಿ ಕಿವಿ ಮಂದವಾಗಿ ಹಾಗೆಯೇ ಬಿಟ್ಟರೆ ಮುಂದೆ ಮರೆವಿನ ಕಾಯಿಲೆಯ ಸಾಧ್ಯತೆ ಜಾಸ್ತಿ ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ, ಮತ್ತೆ 2024ರಲ್ಲಿ ಹೇಳಿದೆ. ಅಪ್ಪ ಈಗ ಹಾಕುತ್ತಾರೆ. ಮೊಮ್ಮಗಳ ಸ್ವರ ಸರಿಯಾಗಿ ಕೇಳಿದ್ದು ಅವಳಿಗೆ ನಾಲ್ಕು ವರ್ಷ ಆದ ಮೇಲೆ.

ಸುರತ್ಕಲ್ 1974

ಇದನ್ನು ಅಪ್ಪನಿಗೆ ತೋರಿಸಿದೆ. ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಸಂಜೆ "ಕಿವಿ ಡಾಕ್ಟ್ರು ಯಾವ ದಿನ ಇರ್ತಾರೆ" ಅಂತ ಕೇಳಿದರು.

ಕುಲಶೇಖರ ನಿವಾಸಿ

ಎಲ್ಲರೂ ನಿಧಾನಕ್ಕೆ ಆಗುವ ಬದಲಾವಣೆ ಬರೆದಿದ್ದೀರಿ. ನಾನು ಒಂದೇ ರಾತ್ರಿಯಲ್ಲಿ ಆದದ್ದನ್ನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮಾವನಿಗೆ 78. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದರಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಸೇರಿತ್ತು. ಬಿಪಿಗೆ ಅಂತ ಉಪ್ಪು ಬಹಳ ಕಡಿಮೆ ಮಾಡಿದ್ದೆವು. ಕಳೆದ ಬೇಸಗೆಯಲ್ಲಿ ಎರಡು ದಿನ ಭೇದಿ ಆಯಿತು. ಊಟ ಸೇರುತ್ತಿರಲಿಲ್ಲ, ಬರೀ ಚಾ ಮತ್ತು ನೀರು. ಮೂರನೇ ದಿನ ರಾತ್ರಿ ಎದ್ದು ಕೂತರು. ನನ್ನನ್ನು ತೀರಿಕೊಂಡ ಅವರ ಅಕ್ಕನ ಹೆಸರಿನಿಂದ ಕರೆದರು. ಹಟ್ಟಿಯಲ್ಲಿ ದನ ಬಿಚ್ಚಿಕೊಂಡಿದೆ, ಕಟ್ಟಬೇಕು ಅಂತ ಬಾಗಿಲ ಚಿಲಕ ಎಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಹಟ್ಟಿ ಇಲ್ಲದೆ 25 ವರ್ಷ ಆಯಿತು.

ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. "ಈ ವಯಸ್ಸಿಗೆ ಮರೆವು ಶುರುವಾಗುತ್ತದೆ" ಅಂದರು. ಸಂಬಂಧಿಕರೊಬ್ಬರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಅಂದರು. ಸಂಜೆಗೆ ನಡೆಯಲಿಕ್ಕೂ ಆಗಲಿಲ್ಲ. ಆಗ ನನ್ನ ಗಂಡ ಯಾರ ಮಾತೂ ಕೇಳದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 118 ಬಂತು. ಇರಬೇಕಾದದ್ದು 135ರಿಂದ 145. ಐಸಿಯುನಲ್ಲಿ ನಿಧಾನವಾಗಿ ಏರಿಸಿದರು. ಬೇಗ ಏರಿಸಿದರೆ ಮೆದುಳಿಗೇ ಪೆಟ್ಟು, ಅದಕ್ಕೆ ಮನೆಯಲ್ಲಿ ಉಪ್ಪು ನೀರು ಕುಡಿಸಿ ಸರಿ ಮಾಡಲು ಹೋಗಬೇಡಿ. ಐದನೇ ದಿನ ಮಾವ ಪೇಪರ್ ಕೇಳಿದರು. ಮರೆವೂ ಇಲ್ಲ, ಏನೂ ಇಲ್ಲ.

ಡಾಕ್ಟರ್ ನಮಗೆ ಕೂರಿಸಿ ವಿವರಿಸಿದರು. ವಯಸ್ಸಾದವರ ಮೂತ್ರಪಿಂಡಕ್ಕೆ ಬೇಕಾದ ಉಪ್ಪನ್ನು ಹಿಡಿದಿಡುವ, ಹೆಚ್ಚಾದ ನೀರನ್ನು ಹೊರಹಾಕುವ ಶಕ್ತಿ ಕಡಿಮೆ. ಹರೆಯದವರಿಗೆ ಏನೂ ಆಗದ ಎರಡು ದಿನದ ಭೇದಿ ಅವರಿಗೆ ಇಲ್ಲಿಗೆ ತರುತ್ತದೆ. ಅಷ್ಟರ ಮಟ್ಟಿಗೆ ಅದು ವಯಸ್ಸು. ಆದರೆ ನಿನ್ನೆ ಸರಿ ಇದ್ದವರು ಇವತ್ತು ತಪ್ಪು ತಪ್ಪು ಮಾತಾಡಿದರೆ ಅದು ವಯಸ್ಸಲ್ಲ. ವಯಸ್ಸು ವರ್ಷಗಟ್ಟಲೆ ತೆಗೆದುಕೊಂಡು ಬರುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಬಂದದ್ದಕ್ಕೆ ಬೇರೆ ಕಾರಣ ಉಂಟು, ಅದನ್ನು ಹುಡುಕಲೇಬೇಕು. ಒಂದು ಇಡೀ ದಿನ ನಾವು ಕಳೆದುಕೊಂಡೆವು. ಈಗಲೂ ಅದು ನನ್ನನ್ನು ಬಿಡುವುದಿಲ್ಲ.

ನರ್ಸ್ ದೇರಳಕಟ್ಟೆ

ಅಕ್ಕ ಬರೆದದ್ದನ್ನು ಎಲ್ಲರೂ ಮನೆಯವರಿಗೆ ಓದಿ ಹೇಳಿ. ವಾರ್ಡಿನಲ್ಲಿ ನಾವು ವಾರ ವಾರ ನೋಡುತ್ತೇವೆ.

ಇನ್ನೂ ಕೆಲವು ಸೇರಿಸುತ್ತೇನೆ. ವಯಸ್ಸಾದವರಿಗೆ ಸೋಂಕು ಆದರೂ ಜ್ವರ ಜೋರಾಗಿ ಬರಬೇಕೆಂದಿಲ್ಲ. ನ್ಯುಮೋನಿಯಾ ಇದ್ದರೂ ಮೈ ತಣ್ಣಗಿರಬಹುದು. ಊಟ ಬಿಟ್ಟರು, ಮಂಕಾದರು, ಗೊಂದಲ ಶುರುವಾಯಿತು, ಇಷ್ಟೇ ಲಕ್ಷಣ. ಹೃದಯಾಘಾತದಲ್ಲೂ ಎದೆ ನೋವೇ ಇಲ್ಲದೆ ಬರೀ ಏದುಸಿರು, ಬೆವರು, ಸುಸ್ತು ಇರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಜಾಸ್ತಿ. ಬಾಯಾರಿಕೆಯೂ ಕಡಿಮೆಯಾಗುತ್ತದೆ. ಮೈಗೆ ನೀರು ಬೇಕಾಗಿರುತ್ತದೆ, ಆದರೆ ಬೇಕು ಅಂತ ಅನಿಸುವುದಿಲ್ಲ.

ರಾತ್ರಿ ಮೂತ್ರಕ್ಕೆ ಏಳುವಾಗ ಬೀಳುವವರು ಬಹಳ. ಮಲಗಿದಲ್ಲಿಂದ ಒಮ್ಮೆಲೇ ಎದ್ದರೆ ರಕ್ತ ಕಾಲಿಗೆ ಇಳಿಯುತ್ತದೆ. ಹರೆಯದಲ್ಲಿ ರಕ್ತನಾಳ ಕೂಡಲೇ ಬಿಗಿದು ಬಿಪಿ ಹಿಡಿದಿಡುತ್ತದೆ. ವಯಸ್ಸಾದಾಗ ಆ ಬಿಗಿತ ತಡವಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಆಡಿಸಿ, ಆಮೇಲೆ ಏಳಲಿ. ಮಂಚದಿಂದ ಬಚ್ಚಲಿನವರೆಗೆ ಸಣ್ಣ ಬೆಳಕು ಇರಲಿ. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ದಯವಿಟ್ಟು ಉಜ್ಜಿಸಿ. ಹಿಂದೆ ತೆಂಗಿನ ಮಡಲು ಹಾಸುತ್ತಿದ್ದರು, ಅದೂ ಆಗುತ್ತದೆ.

ಮಧುಮೇಹಕ್ಕೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ವಿಟಮಿನ್ ನೋಡಿಸಿ. ಕಾಲು ಜುಮ್ಮೆನ್ನುವುದು, ಮರೆವು, ಇವಕ್ಕೆ ಕೆಲವು ಸಲ ಅದೇ ಕಾರಣ.

ಕದ್ರಿ ಸೊಸೆ

ಮೂರೂವರೆಗೆ ಎಚ್ಚರ ಆಗುವುದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅತ್ತೆಯದ್ದೂ ಅದೇ ಕತೆ. ನಿದ್ದೆ ಮಾತ್ರೆ ಕೊಡಿಸಬೇಕಾ?

ನರ್ಸ್ ದೇರಳಕಟ್ಟೆ

ಮಲಗುವುದು ಎಷ್ಟಕ್ಕೆ?

ಕದ್ರಿ ಸೊಸೆ

ಎಂಟೂವರೆಗೆ. ಊಟ ಆದ ಕೂಡಲೇ.

ನರ್ಸ್ ದೇರಳಕಟ್ಟೆ

ಹಾಗಾದರೆ ಏಳು ಗಂಟೆ ಆಯಿತಲ್ಲ, ಅಷ್ಟು ಸಾಕು. ವಯಸ್ಸಾದಂತೆ ಒಳಗಿನ ಗಡಿಯಾರ ಮುಂದಕ್ಕೆ ಸರಿಯುತ್ತದೆ. ಸಂಜೆಗೇ ನಿದ್ದೆ, ಬೇಗ ಎಚ್ಚರ. ಗಾಢ ನಿದ್ದೆಯೂ ಕಡಿಮೆ, ಅದಕ್ಕೆ ಸಣ್ಣ ಶಬ್ದಕ್ಕೂ ಏಳುತ್ತಾರೆ. ಸಂಜೆ ಬೆಳಕಿನಲ್ಲಿ ಸ್ವಲ್ಪ ಹೊರಗೆ ನಡೆಸಿ, ಒಂಬತ್ತೂವರೆಗೆ ಮಲಗಲಿ. ಮಾತ್ರೆಯಿಂದ ರಾತ್ರಿ ಬೀಳುವುದು ಜಾಸ್ತಿ. ಹರೆಯದಲ್ಲಿ ಒಂದು ರಾತ್ರಿಯಲ್ಲಿ ಇಳಿಯುವ ಔಷಧಿ ಅವರ ಮೈಯಲ್ಲಿ ಮರುದಿನವೂ ಉಳಿದಿರುತ್ತದೆ. ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ಮಲ್ಪೆ ಬಂದರು

ನನಗೆ 46. ಹೊಟ್ಟೆ ಬಂದಿದೆ. ನಲವತ್ತಾದ ಮೇಲೆ ಮೈ ಊಟ ಕರಗಿಸುವುದು ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ವಿಜ್ಞಾನ ಮೇಷ್ಟ್ರು ಕುಂದಾಪುರ

2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು ಹಸುಗೂಸಿನಿಂದ ಹಿಡಿದು ತೊಂಬತ್ತು ದಾಟಿದವರವರೆಗೆ ಸಾವಿರಾರು ಜನರ ಅಳತೆ ಒಟ್ಟು ಮಾಡಿ ನೋಡಿದರು. ಮೈಯ ಗಾತ್ರ, ಮಾಂಸಖಂಡದ ಲೆಕ್ಕ ಹಿಡಿದು ನೋಡಿದರೆ 20ರಿಂದ 60ರವರೆಗೆ ಮೈ ಸುಡುವ ಶಕ್ತಿ ಹೆಚ್ಚುಕಡಿಮೆ ಒಂದೇ. ಅರವತ್ತರ ಮೇಲೆ ವರ್ಷಕ್ಕೆ ಸುಮಾರು ಶೇ. 0.7 ಇಳಿಯುತ್ತದೆ. ಹಾಗಾಗಿ 46ರ ಹೊಟ್ಟೆಗೆ ವಯಸ್ಸು ಕಾರಣ ಅಲ್ಲ. ಊಟ, ಓಡಾಟ, ನಿದ್ದೆ ನೋಡಿ.

ಅಮ್ಮನ ಸಾರಿನ ಉಪ್ಪಿಗೂ ಇಲ್ಲೇ ಹೇಳುತ್ತೇನೆ. ರುಚಿಯಲ್ಲಿ ದೊಡ್ಡ ಪಾಲು ವಾಸನೆಯದ್ದೇ. ವಾಸನೆ ಹಿಡಿಯುವ ಶಕ್ತಿ ಎಪ್ಪತ್ತರ ಹೊತ್ತಿಗೆ ಚೆನ್ನಾಗಿ ಇಳಿದಿರುತ್ತದೆ. ನಾಲಗೆಗೆ ಸಪ್ಪೆ ಅನಿಸಿ ಉಪ್ಪು ಹಾಕುತ್ತಾರೆ. ಹುಳಿ, ಶುಂಠಿ, ಕರಿಬೇವು, ಇಂಗಿನ ಒಗ್ಗರಣೆ ಜಾಸ್ತಿ ಮಾಡಿದರೆ ಉಪ್ಪು ತಾನೇ ಕಡಿಮೆ ಸಾಕಾಗುತ್ತದೆ. ಗ್ಯಾಸ್ ಸೋರಿದರೆ ವಾಸನೆ ಗೊತ್ತಾಗುತ್ತದಾ ಅಂತಲೂ ನೋಡಿಕೊಳ್ಳಿ. ಒಬ್ಬರೇ ಇರುವವರು.

ಫಿಸಿಯೋ ಬಿಜೈ

ಊಟದ ವಿಷಯಕ್ಕೆ ನಾನೂ ಸೇರಿಸುತ್ತೇನೆ. ವ್ಯಾಯಾಮ ಎಷ್ಟು ಮಾಡಿಸಿದರೂ ಪ್ರೋಟೀನ್ ಇಲ್ಲದಿದ್ದರೆ ಮಾಂಸಖಂಡ ಕಟ್ಟುವುದಿಲ್ಲ. ವಯಸ್ಸಾದವರಿಗೆ ಮೈ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ. 55 ಕಿಲೋದವರಿಗೆ ಸುಮಾರು 60 ಗ್ರಾಂ. ನಮ್ಮ ಅಜ್ಜಿಯರ ರಾತ್ರಿ ಊಟ ಅಂದರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಹಲ್ಲಿಲ್ಲದವರಿಗೆ ಅದೇ ಸುಲಭ. ಆದರೆ ಅದರಲ್ಲಿ ಪ್ರೋಟೀನ್ ಐದಾರು ಗ್ರಾಂ ಸಿಕ್ಕಿದರೆ ಜಾಸ್ತಿ. ಗಂಜಿ ಬಿಡಬೇಡಿ, ಜೊತೆಗೆ ಹೆಸರುಕಾಳು ಮೆತ್ತಗೆ ಬೇಯಿಸಿ ಒಂದು ಬಟ್ಟಲು ಇಡಿ. ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ಮೀನು ತಿನ್ನುವವರಿಗೆ ಬೂತಾಯಿಯಷ್ಟು ಒಳ್ಳೆಯದು ಬೇರೆ ಇಲ್ಲ. ಚೆನ್ನಾಗಿ ಬೆಂದರೆ ಸಣ್ಣ ಮುಳ್ಳೂ ಮೆತ್ತಗಾಗುತ್ತದೆ, ಸುಣ್ಣದ ಅಂಶವೂ ಸಿಗುತ್ತದೆ.

ಹಳೆಯಂಗಡಿ 82

ನಾನು ಹಳೆಯಂಗಡಿಯವನು, ವಯಸ್ಸು 82. ಮೊಮ್ಮಗ ಫೋನಿನ ಅಕ್ಷರ ದೊಡ್ಡದು ಮಾಡಿ ಕೊಟ್ಟಿದ್ದಾನೆ. ಎರಡು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಹೊರಗಿನಿಂದ ನೋಡಿ ಬರೆದಿದ್ದೀರಿ. ಒಳಗಿನಿಂದ ಹೇಗೆ ಅಂತ ಸ್ವಲ್ಪ ಹೇಳುತ್ತೇನೆ.

36 ವರ್ಷ ಬ್ಯಾಂಕಿನಲ್ಲಿದ್ದೆ, ಬಹುಕಾಲ ಕ್ಯಾಶ್ ಕೌಂಟರ್. ನೂರರ ಕಟ್ಟನ್ನು ಬೆರಳಲ್ಲಿ ಸರಸರ ಎಣಿಸುತ್ತಿದ್ದೆ. ಈಗ ಪುಸ್ತಕದ ಹಾಳೆ ತಿರುಗಿಸಲು ಬೆರಳಿಗೆ ಹಿಡಿತವಿಲ್ಲ. ಚರ್ಮ ಒಣಗಿದೆ, ಬೆವರುವುದು ಕಡಿಮೆ. ಬೆರಳಿನ ಗೆರೆಗಳೂ ಸವೆದಿವೆ. ನವೆಂಬರಿನಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಕೊಡಲು ಹೋದರೆ ಹೆಬ್ಬೆಟ್ಟಿನ ಮಷಿನ್ ಒಪ್ಪಲಿಲ್ಲ. ಹತ್ತು ಬೆರಳೂ ಒಂದೊಂದಾಗಿ ಒತ್ತಿದೆ. ನನ್ನ ಬೆರಳು ನನ್ನದಲ್ಲ ಅಂತ ಮಷಿನ್ ಹೇಳಿದಾಗ ಮನಸ್ಸಿಗೆ ಏನೋ ಆಯಿತು. ಈಗ ಮುಖ ತೋರಿಸಿದರೂ ಆಗುತ್ತದೆ, 2021ರಿಂದ ಆ ವ್ಯವಸ್ಥೆ ಉಂಟು. ಮನೆಯಲ್ಲೇ ಫೋನಿನಲ್ಲಿ ಮಾಡಬಹುದು. ನನ್ನಂಥವರಿಗೆ ಯಾರಾದರೂ ಮಾಡಿಕೊಡಿ.

ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಆಗಿದೆ. ಬಾಗಿಲಿಗೆ ತಾಗಿದರೆ ನೇರಳೆ ಕಲೆ. ತಾಗಿದ್ದು ಗೊತ್ತೇ ಇರುವುದಿಲ್ಲ. ನೋವೂ ಇಲ್ಲ. ಮನೆಯವರು ಹೆದರುತ್ತಾರೆ. ಡಾಕ್ಟರಿಗೆ ತೋರಿಸಿದೆ, ಚರ್ಮ ತೆಳುವಾಗಿ ಒಳಗಿನ ಸಣ್ಣ ರಕ್ತನಾಳಕ್ಕೆ ಆಧಾರವಿಲ್ಲ, ಅಷ್ಟೇ ಅಂದರು.

ಸಿಟಿ ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲಿನಷ್ಟು ಎತ್ತರ. ಹತ್ತಬಲ್ಲೆ. ಆದರೆ ಹತ್ತಿದವನು ಕಂಬಿ ಹಿಡಿಯುವ ಮೊದಲು ಬಸ್ಸು ಹೊರಡುತ್ತದೆ. ಮೂರು ಸೆಕೆಂಡು ನಿಂತರೆ ನಾನು ಈಗಲೂ ಒಬ್ಬನೇ ಮಂಗಳೂರಿಗೆ ಹೋಗಿ ಬರುತ್ತೇನೆ. ಆ ಮೂರು ಸೆಕೆಂಡು ಸಿಗದ್ದಕ್ಕೆ ಹೋಗುವುದು ನಿಲ್ಲಿಸಿದೆ. ಮನೆಯವರಿಗೆ ಕಾಲು ನೋವು ಅಂತ ಹೇಳಿದ್ದೇನೆ.

ಹೆಸರುಗಳು ತಡವಾಗಿ ಬರುತ್ತವೆ. ಆ ಮನುಷ್ಯನ ಮುಖ, ಅವನ ಮನೆ, ಅವನ ಖಾತೆಯಲ್ಲಿ ಎಷ್ಟಿತ್ತು ಎಲ್ಲ ಕಣ್ಣ ಮುಂದೆ ಇರುತ್ತದೆ, ಹೆಸರು ಮಾತ್ರ ಇಲ್ಲ. ನಾನು ತಡವರಿಸುವಷ್ಟರಲ್ಲಿ ಮಗ ಇನ್ಯಾವುದೋ ಹೆಸರು ಹೇಳಿ ಮಾತು ಮುಗಿಸಿಬಿಡುತ್ತಾನೆ. ಅವನು ಪ್ರೀತಿಯಿಂದಲೇ ಮಾಡುವುದು. ಸ್ವಲ್ಪ ಕಾದರೆ ಹೆಸರು ಬರುತ್ತದೆ. ಹತ್ತು ನಿಮಿಷ ಬಿಟ್ಟು, ಸ್ನಾನ ಮಾಡುವಾಗ ಬರುತ್ತದೆ.

ಅಂಬಲಪಾಡಿಯ ಮಗಳೇ, ನಿಮ್ಮ ಅಮ್ಮ ಹೆರೆಮಣೆಯನ್ನು ಪೇಪರಿನ ಕಟ್ಟಿನ ಹಿಂದೆ ಇಟ್ಟದ್ದು ಯಾಕೆಂದು ನನಗೆ ಗೊತ್ತು. ನಾನು ಬಸ್ ಪಾಸನ್ನು ಕಪಾಟಿನ ಒಳಗೆ ಇಟ್ಟಿದ್ದೇನೆ.

ಮಣ್ಣಗುಡ್ಡೆ ಮಗ

ಅಜ್ಜ, ನಾನು ಪ್ರತಿ ಶನಿವಾರ ಮೂಲ್ಕಿಗೆ ಬರುತ್ತೇನೆ. ನಿಮ್ಮ ಒಪ್ಪಿಗೆ ಇದ್ದರೆ ಒಂದು ಶನಿವಾರ ಮಂಗಳೂರಿಗೆ ಒಟ್ಟಿಗೆ ಬಸ್ಸಿನಲ್ಲೇ ಹೋಗೋಣ. ನಾನು ಹಿಂದೆ ಹತ್ತುತ್ತೇನೆ. ಮೆಸೇಜ್ ಕಳಿಸಿದ್ದೇನೆ.

ಅಂಬಲಪಾಡಿ ಮಗಳು

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ರಜೆ ಮುಂದುವರಿಸಿ ಇಲ್ಲೇ ಉಳಿದೆ.

ಮೇಷ್ಟ್ರು ಹೇಳಿದ ಹಾಗೆ ಹಳೆಯ ಎತ್ತರ ಸಿಕ್ಕಿತು. ನಡುಮನೆಯ ಬಾಗಿಲ ಚೌಕಟ್ಟಿನಲ್ಲಿ, ಆ ದಾರಂದದಲ್ಲಿ, ಅಪ್ಪ ನಮ್ಮ ಎತ್ತರಕ್ಕೆಲ್ಲ ಪೆನ್ಸಿಲ್ ಗೆರೆ ಹಾಕುತ್ತಿದ್ದರು. ಅಲ್ಲಿ ಒಂದು ಗೆರೆಗೆ "ಅಮ್ಮ 1996" ಅಂತ ಬರೆದಿತ್ತು. ಅಪ್ಪನ ಅಕ್ಷರ. ಅಳೆದರೆ 154. ಅಮ್ಮನನ್ನು ಅದೇ ದಾರಂದಕ್ಕೆ ಒರಗಿಸಿ ನಿಲ್ಲಿಸಿದೆ. 149 ಬಂತು. ಐದು ಸೆಂಟಿಮೀಟರ್.

ಬೇರೆ ಡಾಕ್ಟರಿಗೆ ತೋರಿಸಿದೆ. ಎತ್ತರದ ವಿಷಯ ಹೇಳಿದ ಕೂಡಲೇ ಬೆನ್ನಿನ ಎಕ್ಸ್‌ರೇ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬರೆದರು. ಒಂದು ಮಣಿ ಮುಂದಿನ ಕಡೆ ಕುಸಿದಿದೆ, ಹಳೆಯದ್ದು. ಕಳೆದ ವರ್ಷದ ಆ ಬೆನ್ನು ನೋವು. ಬಾವಿಕಟ್ಟೆಯಿಂದ ನೀರಿನ ಬಕೆಟ್ ಎತ್ತಿದ ದಿನ ಶುರುವಾದದ್ದು ಅಂತ ಅಮ್ಮ ಈಗ ಹೇಳುತ್ತಾರೆ. ಮೂಳೆಗೆ ಔಷಧಿ ಶುರುವಾಗಿದೆ. ಡಿ ವಿಟಮಿನ್ ಕೂಡ ಕಡಿಮೆ ಇತ್ತು. ಬಗ್ಗಿ ಭಾರ ಎತ್ತಬಾರದು, ನೆಲದಲ್ಲಿ ಬಗ್ಗಿ ಕೂತು ಹೆರೆಯುವುದೂ ಬೇಡ ಅಂದರು. ಹಾಗಾಗಿ ಹೆರೆಮಣೆ ಮತ್ತೆ ಒಳಗೆ ಹೋಗಿದೆ, ಈ ಸಲ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಇಟ್ಟದ್ದು. ಅಡುಗೆ ಕಟ್ಟೆಗೆ ಬಿಗಿಯುವ, ಕೈಯಲ್ಲಿ ತಿರುಗಿಸುವ ಕಾಯಿ ತುರಿಯುವುದನ್ನು ತಂದಿದ್ದೇನೆ.

ಮೆಟ್ಟಿಲಿಗೆ ಬಿಳಿ ಪೇಂಟ್ ಆಯಿತು. ಕಿವಿಗೆ ಮುಂದಿನ ಮಂಗಳವಾರ.

ಕುರ್ಚಿಯ ಪರೀಕ್ಷೆಯಲ್ಲಿ ಮೊದಲ ದಿನ ಆರು ಬಂತು. ಡಾಕ್ಟರನ್ನು ಕೇಳಿದೆ, ಬೆನ್ನು ನೇರ ಇಟ್ಟು ಮಾಡಬಹುದು ಅಂದರು. ಈಗ ಕುರ್ಚಿಯನ್ನು ಅಡುಗೆಮನೆಯಲ್ಲೇ ಗೋಡೆಗೆ ಒತ್ತಿ ಇಟ್ಟಿದ್ದೇವೆ. ಕುಕ್ಕರ್ ಇಟ್ಟ ಮೇಲೆ ಅಮ್ಮ ಶುರು ಮಾಡುತ್ತಾರೆ. ಲೆಕ್ಕ ತುಳುವಿನಲ್ಲಿ. ಒಂಜಿ, ರಡ್ಡ್, ಮೂಜಿ. ಇವತ್ತು ಎಣ್ಮ ಹೇಳಿ ಕೂತರು, ಉಸಿರು ಎಳೆದುಕೊಂಡರು, ಮತ್ತೆ ನನ್ನ ಕಡೆ ನೋಡಿ ಎದ್ದರು. ಒರ್ಂಬ.

ಫಿಸಿಯೋ ಬಿಜೈ

ಅಕ್ಕ, ಆ ಒಂಬತ್ತನೆಯದ್ದು 30 ಸೆಕೆಂಡಿನ ಒಳಗೆ ಬಂತಾ, ಆಮೇಲೆ ಬಂತಾ? ಆಮೇಲೆ ಬಂದಿದ್ದರೂ ಪರವಾಗಿಲ್ಲ. ಇನ್ನೊಂದು ವಾರ ಅದೇ ಕುರ್ಚಿಯಲ್ಲಿ ಮಾಡಲಿ. ಕುರ್ಚಿಯ ಎತ್ತರ ಅಳೆದು ಬರೆಯಿರಿ, ಮುಂದಿನದ್ದು ಹೇಳುತ್ತೇನೆ.